ದೀಪದೊಡನೆ ಎಣ್ಣೆಯೂ ಬೇಕು

ಅಂತರ್ಜಾಲದಲ್ಲಿ ದೊರೆಯುವ ಅನಿಮೇಷನ್ ಚಿತ್ರಗಳಿಂದ ಪಾಠವನ್ನು ಮನದಟ್ಟು ಮಾಡಿಸುವುದು ಸ್ತುತ್ಯವೇ ಸರಿ. ಆದರೆ ಶಾಲೆಗೆ ಗಣಕಯಂತ್ರ ಬಂದ ಮಾತ್ರಕ್ಕೆ ಪಾಠ ಸಾಗದು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರನ್ನು ಕೈಬಿಟ್ಟಿತು. 2021ರ ಜನವರಿ 12ರಿಂದ ಅದರಲ್ಲಿ ಚಿತ್ರಗಳು ಚಲಿಸದಂತೆ ತಡೆಯಿತು. ಅದನ್ನೇ ನೆಚ್ಚಿದ್ದ ಪಾಠಗಳು ನಿಶ್ಚಲವಾದವು. ಮಕ್ಕಳೇ ಚಿತ್ರಗಳನ್ನು ರಚಿಸಬಹುದಾದ ಸ್ಕ್ರ್ಯಾಚ್ 2019ರಲ್ಲಿಯೇ ಫ್ಲ್ಯಾಶನ್ನು ತೊರೆದಿತ್ತು. ಅದು ಹೊಸ ಬ್ರೌಸರನ್ನೇ ಬೇಡುತ್ತದೆ, ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ನಡೆಯದು.

ಆದುದರಿಂದ ಬ್ರೌಸರನ್ನು ಕಾಲಕಾಲಕ್ಕೆ ನವೀಕರಿಸುವುದು, ಪಾಠದ ಮುನ್ನಾದಿನ ತರಗತಿಯ ಯಂತ್ರದಲ್ಲಿಯೇ ಚಿತ್ರವನ್ನು ನಡೆಸಿ ನೋಡುವುದು, ಜಾಲಸಂಪರ್ಕ ತಪ್ಪಿದಾಗ ಒದಗುವಂತೆ ಸ್ಕ್ರ್ಯಾಚಿನ ಆಫ್‌ಲೈನ್ ಆವೃತ್ತಿಯನ್ನು ಮೊದಲೇ ಅಳವಡಿಸುವುದು ಅಧ್ಯಾಪಕರ ಕರ್ತವ್ಯ. ದಾನಿಗಳಾದರೋ ಯಂತ್ರದ ಬೆಲೆಯೊಡನೆ ಅದರ ವರ್ಷವರ್ಷದ ನಿರ್ವಹಣೆಗೂ ಒಂದು ಪಾಲನ್ನು ತೆಗೆದಿರಿಸಬೇಕೆಂಬುದು ನಮ್ಮ ವಿನಂತಿ.