ದೂರದ ಕ್ಲಬ್ಬು, ಊರಿನ ಮೈದಾನ: ಫುಟ್ಬಾಲ್ ಅಭಿಮಾನದ ಹಾದಿಗಳು

ಬೆಂಗಳೂರು: ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮ್ಯಾಂಚೆಸ್ಟರ್‌ನಲ್ಲಿ ಆರಂಭವಾಗುವ ಫುಟ್ಬಾಲ್ ಪಂದ್ಯವನ್ನು, ಟಿಕೆಟ್ ಸಿಗದೆ ಮನೆಯಲ್ಲೇ ಉಳಿದ ಆ ಊರಿನ ನಿವಾಸಿ ಟಿ.ವಿ.ಯಲ್ಲಿ ನೇರವಾಗಿ ನೋಡುವಂತಿಲ್ಲ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಫುಟ್ಬಾಲ್ ನೇರಪ್ರಸಾರಕ್ಕೆ ನಿರ್ಬಂಧವಿದೆ. ಆದರೆ ಎಂಟು ಸಾವಿರ ಕಿಲೋಮೀಟರಿನಾಚೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತ ಯುವಕನಿಗೆ ಈ ತೊಡಕಿಲ್ಲ. ಚಳಿಗಾಲವಾದರೆ ರಾತ್ರಿ ಎಂಟೂವರೆಗೆ, ಬೇಸಿಗೆಯಾದರೆ ಏಳೂವರೆಗೆ, ಊಟದ ಹೊತ್ತಿಗೆ ಸರಿಯಾಗಿ ಪಂದ್ಯ ಅವನ ಕಣ್ಣೆದುರು ತೆರೆದುಕೊಳ್ಳುತ್ತದೆ.

ಈ ನಿರ್ಬಂಧ 1960ರ ದಶಕದ ಕೊಡುಗೆ. ಬರ್ನ್‌ಲಿ ಎಂಬ ಸಣ್ಣ ಊರಿನ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಬಾಬ್ ಲಾರ್ಡ್ ಇದರ ಪ್ರಮುಖ ಪ್ರತಿಪಾದಕರು. ದೊಡ್ಡ ಕ್ಲಬ್ಬುಗಳ ಆಟ ಮನೆಯಲ್ಲೇ ಕಾಣಸಿಕ್ಕರೆ, ಸಣ್ಣ ಊರಿನ ಜನ ತಮ್ಮೂರಿನ ಮೈದಾನದತ್ತ ಹೆಜ್ಜೆ ಹಾಕುವುದನ್ನೇ ಬಿಟ್ಟಾರು ಎಂಬುದು ಅವರ ಆತಂಕವಾಗಿತ್ತು. ಹೀಗೆ ಊರಿನ ಕ್ಲಬ್ಬನ್ನು ಉಳಿಸಿಕೊಳ್ಳಲು ಕಟ್ಟಿದ ಗೋಡೆ ಆ ದೇಶದ ಗಡಿಯಲ್ಲಿಯೇ ಮುಗಿಯುತ್ತದೆ. ಗೋಡೆಯಾಚೆಗಿನ ನಮ್ಮಂಥವರ ಊರಿನ ಮೈದಾನಗಳ ಗತಿಯೇನು ಎಂಬುದು ಅಲ್ಲಿ ಯಾರ ಚಿಂತೆಯೂ ಅಲ್ಲ.

ತಾನು ಎಂದೂ ಕಾಲಿಡದ ಊರಿನ ಕ್ಲಬ್ಬನ್ನು ಒಬ್ಬಾತ 'ನಮ್ಮದು' ಎಂದು ಕರೆಯುವುದು ಹೇಗೆ? ಇದನ್ನು ಕೇವಲ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಇತಿಹಾಸವನ್ನು ಅವಲೋಕಿಸಿದರೆ, ಇಂಥ ಅಭಿಮಾನ ಸುಮ್ಮನೆ ಹುಟ್ಟಿದ್ದಲ್ಲ, ಅದು ನಿರ್ದಿಷ್ಟ ಹಾದಿಗಳನ್ನು ಹಿಡಿದು ಬಂದಿದೆ ಎಂಬುದು ಸ್ಪಷ್ಟವಾಗುತ್ತದೆ.

ರೈಲು ಹಿಡಿದು ಬಂದ ಅಭಿಮಾನ

ಇದಕ್ಕೆ ಇಟಲಿಯ ಯುವೆಂಟಸ್ ಕ್ಲಬ್ ಉತ್ತಮ ನಿದರ್ಶನ. ಉತ್ತರದ ಟ್ಯೂರಿನ್ ನಗರದಲ್ಲಿ 1897ರಲ್ಲಿ ಶಾಲಾ ವಿದ್ಯಾರ್ಥಿಗಳು ಕಟ್ಟಿದ ಈ ಕ್ಲಬ್ಬು 1923ರಲ್ಲಿ ಫಿಯೆಟ್ ಕಾರು ಕಾರ್ಖಾನೆಯ ಒಡೆಯರಾದ ಆನ್ಯೆಲ್ಲಿ ಕುಟುಂಬದ ಆಶ್ರಯಕ್ಕೆ ಬಂತು. ಎರಡನೆಯ ಮಹಾಯುದ್ಧದ ತರುವಾಯ ಇಟಲಿಯ ಬಡ ದಕ್ಷಿಣ ಭಾಗದಿಂದ, ಸಿಸಿಲಿ, ಪುಲಿಯಾ, ಕಲಾಬ್ರಿಯಾಗಳಿಂದ ಜನ ರೈಲು ತುಂಬಿ ಟ್ಯೂರಿನ್ನಿಗೆ ಬಂದಿಳಿದರು. 1951ರಲ್ಲಿ ಸುಮಾರು ಏಳು ಲಕ್ಷವಿದ್ದ ನಗರದ ಜನಸಂಖ್ಯೆ 1971ರ ವೇಳೆಗೆ 11 ಲಕ್ಷವನ್ನು ದಾಟಿತು. ದಕ್ಷಿಣದವರಿಗೆ ಮನೆ ಬಾಡಿಗೆಗೆ ಕೊಡಲು ಹಿಂಜರಿಯುತ್ತಿದ್ದ ಕಾಲವದು.

ಇದೇ ನಗರದಲ್ಲಿ ಟೊರಿನೊ ಎಂಬ ಇನ್ನೊಂದು ಕ್ಲಬ್ ಇತ್ತು. 1949ರ ಮೇ 4ರಂದು ಸುಪೆರ್ಗಾ ಬೆಟ್ಟಕ್ಕೆ ವಿಮಾನ ಅಪ್ಪಳಿಸಿ ಅದರ ಇಡೀ ತಂಡವೇ ಸಾವಿಗೀಡಾಗಿತ್ತು. ನಗರದ ಮೂಲನಿವಾಸಿಗಳ ಮನಸ್ಸಿನಲ್ಲಿ ಟೊರಿನೊ ಆಳವಾಗಿ ಬೇರೂರಿತ್ತು. ಹೊಸದಾಗಿ ಬಂದವರಲ್ಲಿ ಬಹುಮಂದಿ ಗೆಲ್ಲುವ ತಂಡವಾದ ಯುವೆಂಟಸ್ಸನ್ನು ತಮ್ಮದಾಗಿಸಿಕೊಂಡರು. 1968ರಲ್ಲಿ ಸಿಸಿಲಿಯ ಕಟಾನಿಯಾದ ಪಿಯೆತ್ರೊ ಅನಸ್ತಾಸಿ ಎಂಬ ಯುವ ಆಟಗಾರನನ್ನು ಯುವೆಂಟಸ್ 65 ಕೋಟಿ ಲಿರಾ ಕೊಟ್ಟು ಕೊಂಡಿತು. ಅದು ಅಂದಿನ ವಿಶ್ವದಾಖಲೆ. ಕಾರ್ಖಾನೆಯಲ್ಲಿ ಹಗಲಿಡೀ ದುಡಿದು, ತನ್ನ ಉಚ್ಚಾರಣೆಗಾಗಿ ನಗೆಪಾಟಲಿಗೀಡಾಗುತ್ತಿದ್ದ ದಕ್ಷಿಣದ ಕಾರ್ಮಿಕನಿಗೆ, ತನ್ನ ನೆಲದ ಹುಡುಗನೊಬ್ಬ ಅದೇ ನಗರದಲ್ಲಿ ಗೋಲು ಹೊಡೆದು ಮೆರೆಯುವುದು ಸಣ್ಣ ಸಂಗತಿಯಾಗಿರಲಿಲ್ಲ.

ಹಬ್ಬಕ್ಕೆ ಊರಿಗೆ ಮರಳುವಾಗ ಈ ಕಾರ್ಮಿಕರು ದುಡ್ಡಿನ ಜೊತೆಗೆ ಕಪ್ಪು-ಬಿಳುಪು ಪಟ್ಟಿಯ ಅಂಗಿಯನ್ನೂ ಒಯ್ದರು. ತಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿಸಿದರು. ಟ್ಯೂರಿನ್ನಿನಿಂದ ಸಾವಿರ ಕಿಲೋಮೀಟರ್ ದೂರದ ಹಳ್ಳಿಗಳಲ್ಲಿಯೂ ಯುವೆಂಟಸ್ ಅಭಿಮಾನಿಗಳು ಇಂದು ತುಂಬಿರುವುದರ ಹಿಂದೆ ಈ ವಲಸೆಯ ಪಾಲು ದೊಡ್ಡದು.

ಸಮುದಾಯದ ಘನತೆಯ ಪ್ರಶ್ನೆ

ನಮ್ಮ ದೇಶದಲ್ಲಿಯೂ ಇಂಥ ಹಾದಿಗಳಿದ್ದವು. ಕಲ್ಕತ್ತೆಯಲ್ಲಿ 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್, 1947ರ ದೇಶವಿಭಜನೆಯ ತರುವಾಯ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ, ತಾವು ಬಿಟ್ಟು ಬಂದ ನಾಡಿನ ಹೆಸರನ್ನು ಎದೆಯೆತ್ತಿ ಕೂಗಲು ಅವಕಾಶವಾಯಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಹಿಲ್ಸಾ ಮೀನು, ಮೋಹನ್ ಬಗಾನ್ ಗೆದ್ದ ದಿನ ಸೀಗಡಿ ಎಂಬ ಅಲ್ಲಿನ ರೂಢಿ ಇಂದಿಗೂ ಉಳಿದಿದೆ.

ಇದಕ್ಕೂ ಮೊದಲು ಅದೇ ನಗರದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತ ಲೀಗ್ ಗೆದ್ದಿತ್ತು. ಬ್ರಿಟಿಷ್ ಸೈನ್ಯದ ತಂಡಗಳನ್ನು ಸೋಲಿಸಿದ ಈ ಕ್ಲಬ್ಬಿಗೆ ಢಾಕಾದಿಂದ ಹಿಡಿದು ಉಪಖಂಡದ ನಾನಾ ಊರುಗಳ ಮುಸ್ಲಿಮರು ಅಭಿಮಾನಿಗಳಾದರು. ಬೆಂಗಳೂರಿನ ಆಟಗಾರರೂ ಈ ತಂಡದಲ್ಲಿದ್ದರು. ವಿಶೇಷವೆಂದರೆ, 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ ಈ ಜನಪ್ರಿಯ ತಂಡವನ್ನು ಸೋಲಿಸಿದ್ದು ನಮ್ಮೂರಿನ 'ಬೆಂಗಳೂರು ಮುಸ್ಲಿಮ್ಸ್' ತಂಡ. ಆ ಕಪ್ ಗೆದ್ದ ಮೊದಲ ಭಾರತೀಯ ತಂಡವದು. ಮರುವರ್ಷವೂ ಕಪ್ಪನ್ನು ಅದೇ ಉಳಿಸಿಕೊಂಡಿತು. ಈ ಸಂಗತಿ ಬೆಂಗಳೂರಿನ ಎಷ್ಟು ಮಂದಿ ಫುಟ್ಬಾಲ್ ಪ್ರೇಮಿಗಳಿಗೆ ನೆನಪಿದೆ?

ಶೋಕ ಮತ್ತು ಟಿ.ವಿ.

ವಲಸೆಯಿಲ್ಲದೆಯೂ ಅಭಿಮಾನ ಹರಡಿದ ಉದಾಹರಣೆಗಳಿವೆ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಸಂಭವಿಸಿದ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಎಂಟು ಆಟಗಾರರೂ ಸೇರಿ 23 ಮಂದಿ ಮೃತಪಟ್ಟರು. ಅದಕ್ಕೂ ಹಿಂದೆ ಮ್ಯಾಂಚೆಸ್ಟರಿನ ಹೆಸರನ್ನಷ್ಟೇ ಕೇಳಿದ್ದವರೂ ಅಂದು ಮರುಗಿದರು. ಬದುಕುಳಿದವರನ್ನು ಇಟ್ಟುಕೊಂಡು ಮತ್ತೆ ಕಟ್ಟಿದ ತಂಡ ಹತ್ತೇ ವರ್ಷಗಳಲ್ಲಿ, 1968ರಲ್ಲಿ, ಯುರೋಪಿಯನ್ ಕಪ್ ಗೆದ್ದಿತು. ಅನುಕಂಪ ಅಭಿಮಾನವಾಗಿ ಗಟ್ಟಿಗೊಂಡಿತು.

ನಾರ್ವೆಯದು ಇನ್ನೊಂದು ಬಗೆ. ಅಲ್ಲಿ ಚಳಿಗಾಲದಲ್ಲಿ ಮೈದಾನಗಳು ಹಿಮದಡಿ ಇರುವುದರಿಂದ ಸ್ವದೇಶದ ಲೀಗ್ ನಡೆಯುವುದಿಲ್ಲ. ಪಂದ್ಯಗಳ ಫಲಿತಾಂಶ ಊಹಿಸಿ ಹಣ ಕಟ್ಟುವ ಚೀಟಿಗಳಲ್ಲಿ ಇಂಗ್ಲೆಂಡಿನ ಪಂದ್ಯಗಳೇ ಇರುತ್ತಿದ್ದವು. 1969ರ ನವೆಂಬರ್ 29ರಂದು ವುಲ್ವ್ಸ್ ಮತ್ತು ಸಂಡರ್ಲೆಂಡ್ ನಡುವಣ ಪಂದ್ಯದೊಂದಿಗೆ ಸರಕಾರಿ ವಾಹಿನಿಯಲ್ಲಿ ಶನಿವಾರದ ನೇರಪ್ರಸಾರ ಆರಂಭವಾಯಿತು. ದೇಶಕ್ಕೆಲ್ಲ ಇದ್ದುದು ಒಂದೇ ವಾಹಿನಿ. ಒಂದಿಡೀ ತಲೆಮಾರು ಶನಿವಾರದ ಕತ್ತಲಲ್ಲಿ ಇಂಗ್ಲಿಷ್ ಕ್ಲಬ್ಬುಗಳೊಂದಿಗೆ ಬೆಳೆಯಿತು. ಲಿವರ್‌ಪೂಲ್ ಕ್ಲಬ್ಬಿನ ನಾರ್ವೆ ಅಭಿಮಾನಿ ಸಂಘಕ್ಕೆ ಇಂದು ಹತ್ತಾರು ಸಾವಿರ ಸದಸ್ಯರಿದ್ದಾರೆ.

ನಮ್ಮಲ್ಲಿ ನಡೆದದ್ದು ಇದರ ಪುನರಾವರ್ತನೆಯೇ. 1992ರಲ್ಲಿ ಆರಂಭವಾದ ಪ್ರೀಮಿಯರ್ ಲೀಗ್ ಆ ದಶಕದ ಉತ್ತರಾರ್ಧದಲ್ಲಿ ಕೇಬಲ್ ವಾಹಿನಿಗಳ ಮೂಲಕ ಭಾರತದ ಮನೆಗಳನ್ನು ಹೊಕ್ಕಿತು. ಆಗ ಗೆಲ್ಲುತ್ತಿದ್ದುದು ಮ್ಯಾಂಚೆಸ್ಟರ್ ಯುನೈಟೆಡ್ ಆದ್ದರಿಂದ ಆ ಕಾಲದ ಹುಡುಗರು ಅದರ ಪಾಲಾದರು. ಯಾವ ತಂಡ ಯಾವ ವಯಸ್ಸಿನಲ್ಲಿ ಕಣ್ಣಿಗೆ ಬಿತ್ತು ಎಂಬುದೇ ಇಲ್ಲಿ ನಿರ್ಣಾಯಕ. ಹಾಗೆಂದು ಅದನ್ನು ಸುಳ್ಳು ಅಭಿಮಾನ ಎನ್ನಲಾಗದು. ಇಪ್ಪತ್ತು ವರ್ಷ ಮಧ್ಯರಾತ್ರಿ ಎದ್ದು ಕುಳಿತು ಸೋಲನ್ನು ನುಂಗಿಕೊಂಡವನ ನಿಷ್ಠೆಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ.

ಅಭಿಮಾನಿಯೋ, ಗ್ರಾಹಕನೋ?

ಸಮಸ್ಯೆ ಇರುವುದು ಈ ನಿಷ್ಠೆಯನ್ನು ಕ್ಲಬ್ಬಿನ ಒಡೆಯರು ಬಳಸಿಕೊಳ್ಳುವ ರೀತಿಯಲ್ಲಿ. 2021ರ ಏಪ್ರಿಲ್ 18ರಂದು ಯುರೋಪಿನ 12 ಸಿರಿವಂತ ಕ್ಲಬ್ಬುಗಳು ತಮ್ಮದೇ 'ಸೂಪರ್ ಲೀಗ್' ಘೋಷಿಸಿದವು. ಊರಿನಲ್ಲಿದ್ದು ಮೈದಾನಕ್ಕೆ ಬರುವವರನ್ನು 'ಹಳೆಯ ಪರಂಪರೆಯ ಅಭಿಮಾನಿಗಳು' ಎಂದೂ, ದೂರದಲ್ಲಿ ಟಿ.ವಿ. ನೋಡುವವರನ್ನು 'ಭವಿಷ್ಯದ ಅಭಿಮಾನಿಗಳು' ಎಂದೂ ಅದರ ರೂವಾರಿಗಳು ವಿಂಗಡಿಸಿದ್ದರೆಂದು ಆಗ ವರದಿಯಾಗಿತ್ತು. ಅಂದರೆ ದೂರದವರ ಹೆಸರು ಹೇಳಿ ಹತ್ತಿರದವರನ್ನು ಬದಿಗೆ ಸರಿಸುವ ಲೆಕ್ಕಾಚಾರ. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಅಲ್ಲಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಆದರೂ ಆ ಆಸೆ ಅಳಿದಿಲ್ಲ. ಸ್ಪೇನಿನ ವಿಯ್ಯಾರ್ರೆಯಾಲ್ ಮತ್ತು ಬಾರ್ಸಿಲೋನಾ ನಡುವಣ ಲೀಗ್ ಪಂದ್ಯವನ್ನು 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಆಡಿಸುವ ಯೋಜನೆ ಸಿದ್ಧವಾಗಿತ್ತು. ಆಟಗಾರರ ಮತ್ತು ಅಭಿಮಾನಿಗಳ ವಿರೋಧದ ನಡುವೆ ಅಕ್ಟೋಬರ್‌ನಲ್ಲಿ ಅದು ರದ್ದಾಯಿತು. ವಿಯ್ಯಾರ್ರೆಯಾಲ್ ಸುಮಾರು 50 ಸಾವಿರ ಜನಸಂಖ್ಯೆಯ ಪುಟ್ಟ ಊರು. ವರ್ಷಕ್ಕೊಮ್ಮೆ ಬಾರ್ಸಿಲೋನಾ ತಮ್ಮೂರಿಗೆ ಬರುವುದೇ ಆ ಜನರಿಗೆ ಜಾತ್ರೆಯಿದ್ದಂತೆ. ಆ ಜಾತ್ರೆಯನ್ನೇ ಎತ್ತಿ ಸಾಗರದಾಚೆ ಒಯ್ಯುವುದಾದರೆ ಊರಿನ ಕ್ಲಬ್ ಎಂಬ ಮಾತಿಗೆ ಅರ್ಥವೇನು ಉಳಿಯಿತು?

ಹಿತ್ತಲ ಗಿಡ

ಈ ಪ್ರಶ್ನೆ ನಮ್ಮ ಮನೆಬಾಗಿಲಲ್ಲೇ ಇದೆ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಚಾಂಪಿಯನ್ ಆಯಿತು. ಅದರ ಪಂದ್ಯಗಳಿಗೆ ತಪ್ಪದೆ ಬಂದು ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಹಾಡುವ ಅಭಿಮಾನಿ ಬಳಗವೂ ಇದೆ. ಆದರೆ ವಾರಾಂತ್ಯದ ರಾತ್ರಿ ನಗರದ ಪಬ್ಬುಗಳಲ್ಲಿ ಯುರೋಪಿನ ಕ್ಲಬ್ಬುಗಳ ಅಂಗಿ ತೊಟ್ಟು ನೆರೆಯುವವರಲ್ಲಿ ಎಷ್ಟು ಮಂದಿ ಕಂಠೀರವದ ಮೆಟ್ಟಿಲು ಹತ್ತಿದ್ದಾರೆ ಎಂದು ಕೇಳಿದರೆ ಉತ್ತರ ಹಿತಕರವಾಗಿರಲಾರದು.

2018ರ ಜೂನ್ 2ರಂದು ಭಾರತ ತಂಡದ ಅಂದಿನ ನಾಯಕ, ಬೆಂಗಳೂರು ಎಫ್‌ಸಿಯ ಸುನೀಲ್ ಛೆಟ್ರಿ, ಸಾಮಾಜಿಕ ಜಾಲತಾಣದ ಮೂಲಕ ಕೈಮುಗಿದು ಕೇಳಿಕೊಂಡದ್ದು ಇದೇ ಜನರನ್ನು. ಯುರೋಪಿನ ಆಟದ ಮಟ್ಟ ನಮ್ಮದಲ್ಲವೆಂದು ಒಪ್ಪಿಕೊಂಡೇ, ಮೈದಾನಕ್ಕೆ ಬಂದು ಬೈಯಿರಿ, ಟೀಕಿಸಿರಿ, ಆದರೆ ಬನ್ನಿರಿ ಎಂಬ ಅರ್ಥದಲ್ಲಿ ಅವರು ಮಾತನಾಡಿದ್ದರು. ಅದರ ಹಿಂದಿನ ದಿನ ಮುಂಬಯಿಯಲ್ಲಿ ಅವರು ಮೂರು ಗೋಲು ಹೊಡೆದ ಪಂದ್ಯಕ್ಕೆ ಬಂದಿದ್ದವರು ಸುಮಾರು 2,500 ಮಂದಿ. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯದ ಟಿಕೆಟ್ಟುಗಳೆಲ್ಲ ಮಾರಾಟವಾದವು. ಜನರಿಗೆ ಆಸಕ್ತಿ ಇಲ್ಲದಿರಲಿಲ್ಲ, ಅವರನ್ನು ಯಾರೂ ಕರೆದಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಆದರೆ ಕರೆ ಒಮ್ಮೆ ಮಾತ್ರ ಫಲಿಸಿದರೆ ಸಾಲದು. ಇಂಡಿಯನ್ ಸೂಪರ್ ಲೀಗ್‌ನ ಆಡಳಿತದ ಬಿಕ್ಕಟ್ಟಿನಿಂದಾಗಿ 2025ರ ಸೆಪ್ಟೆಂಬರ್‌ನಲ್ಲಿ ಋತು ಎಂದಿನಂತೆ ಆರಂಭವಾಗಲಿಲ್ಲ. ಅದೇ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುತ್ತಿರುವುದಾಗಿ ಘೋಷಿಸಿತು. ಸೂಪರ್ ಲೀಗ್ ವಿರುದ್ಧ ಲಂಡನ್ನಿನಲ್ಲಿ ಅಭಿಮಾನಿಗಳು ಬೀದಿಗಿಳಿದದ್ದನ್ನು ಮೆಚ್ಚಿದ ನಗರದಲ್ಲಿ, ತನ್ನದೇ ಕ್ಲಬ್ಬಿನ ಸಂಕಟ ದೊಡ್ಡ ಸುದ್ದಿಯಾಗಲಿಲ್ಲ.

ಆಡಳಿತದ ತಪ್ಪಿಗೆ ಅಭಿಮಾನಿಯನ್ನು ಹೊಣೆಯಾಗಿಸುವುದು ಸಲ್ಲದು. ಲೀಗ್ ನಡೆಸುವುದು ಒಕ್ಕೂಟದ ಕೆಲಸ. ಆದರೆ ತುಂಬಿದ ಕ್ರೀಡಾಂಗಣವನ್ನು ಮುಚ್ಚುವುದು ಆಡಳಿತಗಾರರಿಗೆ ಕಷ್ಟ, ಖಾಲಿ ಕ್ರೀಡಾಂಗಣವನ್ನು ಮುಚ್ಚುವುದು ಸುಲಭ ಎಂಬುದೂ ಅಷ್ಟೇ ಸತ್ಯ. ದೂರದ ಬೆಟ್ಟ ನುಣ್ಣಗೆ ಕಾಣುವುದು ಸಹಜ. ಅದನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೂ ಇಲ್ಲ. ಹಿತ್ತಲ ಗಿಡಕ್ಕೆ ನೀರೆರೆಯುವುದನ್ನು ಮರೆತಾಗ ಮಾತ್ರ ಅದು ತಪ್ಪಾಗುತ್ತದೆ.

ಯುವೆಂಟಸ್ ಅಂಗಿ ತೊಟ್ಟ ಸಿಸಿಲಿಯ ಕಾರ್ಮಿಕ ಟ್ಯೂರಿನ್ನಿನಲ್ಲಿ ಬೆವರು ಸುರಿಸಿದ್ದ. ಈಸ್ಟ್ ಬೆಂಗಾಲ್ ಎಂದು ಕೂಗಿದ ನಿರಾಶ್ರಿತ ಆ ಹೆಸರಿಗೆ ತನ್ನ ಮನೆಯನ್ನೇ ತೆತ್ತಿದ್ದ. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬೆಂಗಳೂರಿನ ಅಭಿಮಾನಿ ಒಬ್ಬ ಕಡಿಮೆಯಾದರೆ ನಷ್ಟವೇನೂ ಇಲ್ಲ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ ಕಂಠೀರವದಲ್ಲಿ ಮಾತ್ರ ಅವನಿಂದ ತುಂಬಬಹುದಾದ ಒಂದು ಕುರ್ಚಿ ಖಾಲಿಯಿದೆ. ಮುಂದಿನ ಪಂದ್ಯದ ದಿನ ಆತ ಯಾವ ಕ್ಲಬ್ಬಿನ ಅಂಗಿ ತೊಟ್ಟು ಬಂದರೂ ಅಭ್ಯಂತರವಿಲ್ಲ. ಬಂದರೆ ಸಾಕು.