ಅಕ್ಕ ಚಾ ಕುಡಿತಾಳ, ತೊಗರಿ ತಗೊಳ್ಳಂಗಿಲ್ಲ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಗಾಡಿ ಕೆಟ್ಟು ನಿಂತಿತ್ತು. “ತಮ್ಮಾ, ಒಂದ್ ನಾಕು ಮನಿಗೆ ಬಿಡು ಬಾ” ಅಂದಳು. ಅಕ್ಕ ಎಂಎಸ್‌ಡಬ್ಲ್ಯೂ ಓದಿದವಳು. ಗೋಗಿ ಸುತ್ತಿನ ಹಳ್ಳಿಗಳಲ್ಲಿ ಶಾಲೆ ಬಿಟ್ಟ, ಬಿಡುವ ಹಂತದಲ್ಲಿರುವ ಮಕ್ಕಳ ಮನೆಗೆ ಹೋಗುವುದು ಅವಳ ಕೆಲಸ. ಅವಳು ಒಳಗೆ ಮಾತಾಡುವಾಗ ನಾನು ಹೊರಗೆ ಕಟ್ಟೆ ಮೇಲೆ ಕೂತು ಫೋನ್ ನೋಡುವುದು, ಇಷ್ಟೇ ಒಪ್ಪಂದ.

ಒಂದು ಮನೆಯಲ್ಲಿ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. “ಅಣ್ಣಾ, ನೀವು ಕಂಪ್ಯೂಟರ್ ಕೆಲಸ ಮಾಡ್ತೀರಂತ?” ಅಂತ ಶುರು ಮಾಡಿದ. ಎಂಟನೇ ಕ್ಲಾಸು. ಅಪ್ಪ ಇಲ್ಲ. ಅವ್ವ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಾಳೆ. ಇವನು ಅಜ್ಜಿ ಹತ್ತಿರ. ನಂಬರ್ ಕೇಳಿದ, ಕೊಟ್ಟೆ. ಅದರಲ್ಲಿ ತಪ್ಪೇನಿದೆ ಅಂತ ಆಗ ಅನ್ನಿಸಲಿಲ್ಲ. (ಹುಡುಗನ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅಕ್ಕನಿಗೆ ಓದಿ ಹೇಳಿಯೇ ಇದನ್ನು ಕಳಿಸುತ್ತಿದ್ದೇನೆ.)

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೆಸೇಜ್ ಬರತೊಡಗಿದವು. ಮೊದಲು ಗುಡ್ ಮಾರ್ನಿಂಗ್, ಆಮೇಲೆ ಲೆಕ್ಕದ ಪ್ರಶ್ನೆ, ಆಮೇಲೆ “ಅಜ್ಜಿಗೆ ಆರಾಮಿಲ್ಲ”. ನಾನು ಎರಡು ಸಾವಿರ ಹಾಕಿದೆ. ಮುಂದಿನ ತಿಂಗಳೂ ಹಾಕಿದೆ, ಅದರ ಮುಂದಿನ ತಿಂಗಳೂ. ನಮ್ಮಂಥವರಿಗೆ ಅದು ವಾರದ ಕೊನೆಯ ಎರಡು ಊಟದ ಬಿಲ್ಲು. ಪ್ರತಿ ಸಲ “ಶಾಲೆಗೆ ಹೋಗ್ತಿದ್ದೀಯಲ್ಲ?” ಅಂತ ಕೇಳುತ್ತಿದ್ದೆ. “ಹೂಂ ಅಣ್ಣಾ” ಅನ್ನುತ್ತಿದ್ದ. ಅಕ್ಕನಿಗೆ ಹೇಳಿರಲಿಲ್ಲ. ಒಳ್ಳೆಯ ಕೆಲಸವನ್ನು ಸಾರಿಕೊಂಡು ತಿರುಗಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಜನವರಿಯಲ್ಲಿ ಅಕ್ಕನ ಫೋನ್ ಬಂತು. “ಆ ಹುಡುಗಗ ರೊಕ್ಕ ಹಾಕಲಾಕತ್ತೀಯೇನು?”

ನಡೆದದ್ದು ಇಷ್ಟು. ನಮ್ಮ ಕಡೆ ಅದು ಹತ್ತಿ ಬಿಡಿಸುವ ಕಾಲ. ಹುಡುಗ ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದ. ನನಗೆ ಸುಳ್ಳು ಹೇಳಿದ, ಯಾಕೆಂದರೆ ನಿಜ ಹೇಳಿದರೆ ಅಣ್ಣನ ರೊಕ್ಕ ನಿಲ್ಲುತ್ತದೆ. ಅಕ್ಕನಿಗೂ ಸುಳ್ಳು ಹೇಳಿದ, ಯಾಕೆಂದರೆ ಅಕ್ಕ ಅಣ್ಣನಿಗೆ ಹೇಳಿಬಿಡುತ್ತಾಳೆ. ಅಷ್ಟರಲ್ಲಿ ಓಣಿಯವರು ಅಕ್ಕನನ್ನು ನಿಲ್ಲಿಸಿ ಕೇಳಿದ್ದರು: “ಅವರ ಮನಿಗಷ್ಟೇ ಯಾಕ್ರೀ ಮೇಡಮ್ಮೋರೆ? ನಮ್ಮ ಹುಡುಗರು ಏನ್ ಪಾಪ ಮಾಡ್ಯಾವ?” ಅವರ ಲೆಕ್ಕದಲ್ಲಿ ನನ್ನ ರೊಕ್ಕ ಅಂದರೆ ಅಕ್ಕನ ಸಂಸ್ಥೆಯ ರೊಕ್ಕ.

“ನೀ ರೊಕ್ಕ ಕೊಟ್ಟಿ, ನಾ ಮಾತು ಕಳಕೊಂಡೆ” ಅಂದಳು ಅಕ್ಕ. ಎರಡು ವರ್ಷ ಆ ಅಜ್ಜಿ ಮುಂದೆ ಕೂತು ಕೂತು ಗಳಿಸಿದ್ದ ಮಾತು ಅದು.

ನಾನು ವಾದ ಮಾಡಿದೆ. ಹಸಿದವನಿಗೆ ಕೊಡುವುದಕ್ಕೂ ರೂಲ್ ಬೇಕಾ? ಅಕ್ಕ ತಣ್ಣಗೆ ಕೇಳಿದಳು: “ನಿಮ್ಮ ಆಫೀಸಿನ್ಯಾಗ ಗಿರಾಕಿ ಡೇಟಾ ನೀ ಸುಮ್ಮನ ತೆಗೆದು ನೋಡ್ತೀಯೇನು? ಪಾಪ ಅನ್ನಿಸ್ತಂತ ಹೇಳಿ ಅವರ ಖಾತಿಯಾಗ ನೀನೇ ಬದಲಾವಣಿ ಮಾಡ್ತೀಯೇನು?” ಮಾಡುವುದಿಲ್ಲ. ಆಕ್ಸೆಸ್ ಇರುವುದು ಕೆಲಸಕ್ಕೆ, ನಮ್ಮ ಮನಸ್ಸಿನ ಸಮಾಧಾನಕ್ಕಲ್ಲ. ಆ ಕಟ್ಟೆಯ ತನಕ ನಾನು ಹೋಗಿದ್ದೇ ಅಕ್ಕನ ಆಕ್ಸೆಸ್ಸಿನಿಂದ.

ಸಮಾಜಕಾರ್ಯದಲ್ಲಿ ಇದಕ್ಕೆಲ್ಲ ಬರೆದಿಟ್ಟ ನೀತಿ ಇದೆ ಅಂತ ನನಗೆ ಗೊತ್ತಾದದ್ದೇ ಆಮೇಲೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿಂದ 1997ರಲ್ಲಿ ಇಂಥದೊಂದು ನೀತಿ ಘೋಷಣೆ ಬಂದಿದೆ. ಅಮೆರಿಕದ ಸಮಾಜಕಾರ್ಯಕರ್ತರ ಸಂಘದ ನೀತಿ ಸಂಹಿತೆ 1960ರಿಂದ ಇದೆ. 2017ರಲ್ಲಿ ಅದನ್ನು ತಿದ್ದಿದಾಗ ಫೋನು, ಸೋಶಿಯಲ್ ಮೀಡಿಯಾ ಎಲ್ಲ ಸೇರಿತು. ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಮಾತಿಗೆ ಇವುಗಳ ಮೂಲಕ ಕ್ಲೈಂಟ್ ಜತೆ ಸಂಪರ್ಕ ಇಟ್ಟುಕೊಳ್ಳಬೇಡಿ ಅನ್ನುತ್ತದೆ ಅದು. ನಾನು ಮೂರು ತಿಂಗಳು ಮಾಡಿದ್ದು ಅದನ್ನೇ, ಅದೂ ತರಬೇತಿ ಇಲ್ಲದೆ.

ಆದರೆ ಅಲ್ಲಿಯ ನಿಯಮವನ್ನು ಹಾಗೇ ತಂದು ಗೋಗಿಯಲ್ಲಿ ಹಚ್ಚಲು ಬರುವುದಿಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕು: ಕಾಕಾ, ಅತ್ತಿ, ಸೋದರಮಾವ. ಅಕ್ಕ ಸಂತೆಯಲ್ಲಿ, ದರ್ಗಾದ ಉರುಸಿನಲ್ಲಿ, ಮದುವೆಯಲ್ಲಿ ಅದೇ ಜನರನ್ನು ನೋಡಬೇಕು. ಚಾ ಬೇಡ ಅಂದರೆ ಆ ಮನೆಗೆ ಅವಮಾನ. ಅದಕ್ಕೇ ಅವಳು ಗೆರೆ ಬೇರೆ ಕಡೆ ಎಳೆದುಕೊಂಡಿದ್ದಾಳೆ. ಚಾ ಕುಡಿತಾಳೆ, ಸುಗ್ಗಿಯಲ್ಲಿ ಕಟ್ಟಿಕೊಡುವ ತೊಗರಿ ಚೀಲ ತಗೊಳ್ಳುವುದಿಲ್ಲ. ಸಂಬಂಧಿಕರ ಮನೆಯ ಕೇಸ್ ಬಂದರೆ ಜತೆಯವರಿಗೆ ಒಪ್ಪಿಸುತ್ತಾಳೆ. ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಆಡುವುದಿಲ್ಲ, ನಮ್ಮವ್ವ ಎಷ್ಟೇ ಕೆದಕಿ ಕೇಳಿದರೂ. ಫೋಟೋ ತೆಗೆದು ಸ್ಟೇಟಸ್ ಹಾಕುವುದಿಲ್ಲ. ರಕ್ಷಣೆ ಬೇಕಾದ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ.

ಗುಟ್ಟಿಗೂ ಒಂದು ಎಲ್ಲೆ ಇದೆ. “ಯಾರಿಗೂ ಹೇಳಲ್ಲ ಅಂತ ನಾ ಯಾವ ಮಗೂಗೂ ಮಾತು ಕೊಡಂಗಿಲ್ಲ” ಅಂತಾಳೆ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಹೇಳಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸುವುದು ಕಡ್ಡಾಯ. ಆ ಮಾತನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಮೋಸ ಆಯಿತು ಅನ್ನಿಸುವುದಿಲ್ಲ.

ಗೋಗಿಗೆ ಹೊರಗಿನವರು ಹೊಸಬರಲ್ಲ. ಆದಿಲ್‌ಶಾಹಿ ಸುಲ್ತಾನರ ಗೋರಿ ನೋಡಲು ಬರುವವರು ಒಂದು ಕಡೆ. ನೆಲದಡಿ ಯುರೇನಿಯಂ ಇರುವುದು ಪತ್ತೆಯಾದ ಮೇಲೆ ಪ್ರಶ್ನೆ ಕೇಳಿಕೊಂಡು ಬಂದವರು ಇನ್ನೊಂದು ಕಡೆ. ಬಂದವರು ಹೋಗುತ್ತಾರೆ, ಅಕ್ಕ ಮರುದಿನವೂ ಅದೇ ಓಣಿಗೆ ಹೋಗಬೇಕು. ನಾನು ಬೆಂಗಳೂರಿನಿಂದ ಎಸೆದ ಕಲ್ಲಿನ ಅಲೆ ಬಡಿದದ್ದು ಅವಳಿಗೆ.

ನನಗೆ ಹೆಚ್ಚು ನಾಚಿಕೆ ಆದದ್ದು ಇನ್ನೊಂದು ವಿಷಯಕ್ಕೆ. ಗಂಡ ತೀರಿಕೊಂಡ ತಾಯಿಯ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ನೆರವು ಇದೆ: ತಿಂಗಳಿಗೆ 4,000 ರೂಪಾಯಿ. ಹಳ್ಳಿಯಲ್ಲಿ ಮನೆಯ ವರ್ಷದ ಆದಾಯ 72,000 ರೂಪಾಯಿ ದಾಟಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಕ್ಕ ಅದಕ್ಕಾಗಿ ಅಜ್ಜಿಯಿಂದ ಕಾಗದ ಪತ್ರ ಕೂಡಿಸುತ್ತಿದ್ದಳು. ನನ್ನ ರೊಕ್ಕ ಬರತೊಡಗಿದ ಮೇಲೆ ಅಜ್ಜಿ ಓಡಾಟ ಬಿಟ್ಟಿದ್ದರು. ಅಂದರೆ ಹುಡುಗ ಹಕ್ಕಿನಿಂದ ಕೇಳಬಹುದಾಗಿದ್ದ ನಾಲ್ಕು ಸಾವಿರದ ದಾರಿಗೆ ನನ್ನ ದಯೆಯ ಎರಡು ಸಾವಿರ ಅಡ್ಡ ಬಂದಿತ್ತು. ನನಗೆ ಕೆಲಸ ಹೋದರೆ ಆ ದಯೆಯೂ ಹೋಗುತ್ತಿತ್ತು.

ಒಮ್ಮೆಲೇ ನಂಬರ್ ಬ್ಲಾಕ್ ಮಾಡಲೇ ಅಂತ ಕೇಳಿದೆ. “ಹಂಗ ಮಾಡಬ್ಯಾಡ. ಅಪ್ಪ ಹೋಗ್ಯಾನ, ಅವ್ವ ದೂರ ಅದಾಳ, ನೀನೂ ಮಾಯ ಆದಿ ಅಂದ್ರ ಹುಡುಗ ಏನಂತ ತಿಳಕೊಬೇಕು?” ಅಂದಳು. ಅವಳು ಹೇಳಿದ ಹಾಗೆ, ಅಜ್ಜಿಯ ಮನೆಯಲ್ಲಿ ಅವಳು ಕೂತಿದ್ದಾಗ ಸ್ಪೀಕರ್ ಹಾಕಿ ಮಾತಾಡಿದೆ. ಇನ್ನು ರೊಕ್ಕ ಕಳಿಸುವುದಿಲ್ಲ, ತಪ್ಪು ನಿನ್ನದಲ್ಲ, ನಾನು ಕೇಳದೆ ಮಾಡಿದ್ದು, ಶಾಲೆಯ ವಿಷಯ ಅಕ್ಕನಿಗೆ ನಿಜ ಹೇಳು ಅಂದೆ. ಆ ಕಡೆಯಿಂದ ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ “ಸಿಟ್ಟಿಲ್ಲಲ್ಲ ಅಣ್ಣಾ?” ಅಂದ. ಆ ಪ್ರಶ್ನೆ ಈಗಲೂ ಚುಚ್ಚುತ್ತದೆ.

ನಮ್ಮಲ್ಲಿ ಬಹಳ ಜನ ಶನಿವಾರ ಪಾಠ ಹೇಳಲು, ಮೆಂಟರ್ ಆಗಲು ಹೋಗುತ್ತೇವೆ. ಹೋಗಬೇಕು. ಆದರೆ ನಂಬರ್ ಕೊಡುವ ಮೊದಲು, ರೊಕ್ಕ ಹಾಕುವ ಮೊದಲು, ಮಗುವಿನ ಜತೆ ಸೆಲ್ಫಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅಲ್ಲಿ ದಿನಾ ಕೆಲಸ ಮಾಡುವವರಿಗೆ ಹೇಳಿ ಮಾಡುತ್ತಿದ್ದೇನಾ, ಮುಚ್ಚಿಟ್ಟು ಮಾಡುತ್ತಿದ್ದೇನಾ? ಮುಚ್ಚಿಡಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿ. ಕೊಡುವ ಮನಸ್ಸಿದ್ದರೆ ಸಂಸ್ಥೆಗೆ, ಶಾಲೆಗೆ ರಸೀದಿ ತಗೊಂಡು ಕೊಡಿ.

ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ, ಅಂತ ಅಕ್ಕ ಹೇಳಲಿಲ್ಲ. ನಾನು ಕೇಳಿದಾಗ, “ಅದು ಕೇಸಿನ ಮಾತು, ನಿನಗ್ಯಾಕ?” ಅಂದಳು. ಅರ್ಜಿ ಹೋಗಿದೆ ಅನ್ನುವುದೂ ಹುಡುಗನೇ ಸ್ಪೀಕರ್ ಫೋನಿನಲ್ಲಿ ಹೇಳಿದ್ದರಿಂದ ಗೊತ್ತು. ಮುಂದಿನ ಸಲ ಊರಿಗೆ ಹೋದಾಗ ಅಕ್ಕನನ್ನು ಬಿಡಲು ಹೋಗುತ್ತೇನೆ. ಗಾಡಿಯನ್ನು ಓಣಿಯ ಆ ತುದಿಯಲ್ಲೇ ನಿಲ್ಲಿಸುತ್ತೇನೆ.