‘ಜೀನ್ಸ್’ ಹೋಯಿತು, ‘ತಾಯಿ ಸಾಹೇಬ’ ಉಳಿಯಿತು

1957ರ ‘ಮದರ್ ಇಂಡಿಯಾ’ದಿಂದ ಈವರೆಗೆ ಆಸ್ಕರ್‌ಗೆ ಭಾರತದ ಅಧಿಕೃತ ಪ್ರವೇಶವಾಗಿ ಹೋದ ಚಿತ್ರಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ಹಿಂದಿ, ತಮಿಳು, ಬಂಗಾಳಿ, ಮಲಯಾಳದ ಮಾತು ಹಾಗಿರಲಿ, ಗುಜರಾತಿಗೂ ಅಸ್ಸಾಮಿಗೂ ಆ ಸರದಿ ಬಂದಿದೆ. ಇದರಲ್ಲಿ ಹೆಚ್ಚು ನಷ್ಟವಾದದ್ದು ಕನ್ನಡದ ಪೀರಿಯಡ್ ಚಿತ್ರಗಳಿಗೆ.

ಗಿರೀಶ ಕಾಸರವಳ್ಳಿಯವರ ‘ತಾಯಿ ಸಾಹೇಬ’ (1997) ರಂ.ಶಾ. ಲೋಕಾಪುರರ ಕಾದಂಬರಿ ಆಧರಿಸಿದ್ದು. ಸ್ವಾತಂತ್ರ್ಯದ ಆಚೀಚಿನ ಉತ್ತರ ಕರ್ನಾಟಕವನ್ನು ಅದು ಭಾಷಣದಲ್ಲಿ ಹೇಳುವುದಿಲ್ಲ, ವಾಡೆಯ ಒಳಾಂಗಣದಲ್ಲಿ, ಉಟ್ಟ ಸೀರೆಯಲ್ಲಿ ತೋರಿಸುತ್ತದೆ. ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ, ಕಲಾನಿರ್ದೇಶನಕ್ಕೆ ರಮೇಶ್ ದೇಸಾಯಿ ರಾಷ್ಟ್ರಪ್ರಶಸ್ತಿ ಪಡೆದರು. ಚಿತ್ರಕ್ಕೆ ಸ್ವರ್ಣಕಮಲವೇ ಬಂತು. ಆಸ್ಕರ್‌ಗೆ 1997ರಲ್ಲಿ ಹೋದದ್ದು ಮಲಯಾಳದ ‘ಗುರು’. 1998ರಲ್ಲಿ ಹೋದದ್ದು ಶಂಕರ್ ಅವರ ‘ಜೀನ್ಸ್’: ಅವಳಿ ಸೋದರರು, ಐಶ್ವರ್ಯಾ ರೈ, ಜಗತ್ತಿನ ಅದ್ಭುತಗಳ ಮುಂದೆ ಒಂದು ಹಾಡು. ಅದೇ ದೇಶದ ಒಂದು ಸಮಿತಿ ವರ್ಷದ ಶ್ರೇಷ್ಠ ಚಿತ್ರವೆಂದದ್ದು ಇನ್ನೊಂದು ಸಮಿತಿಯ ಲೆಕ್ಕಕ್ಕೇ ಬರಲಿಲ್ಲ.

ಕುವೆಂಪು ಕಾದಂಬರಿಯಿಂದ ಗಿರೀಶ ಕಾರ್ನಾಡರು ಮಾಡಿದ ‘ಕಾನೂರು ಹೆಗ್ಗಡಿತಿ’ (1999) ಅತ್ಯುತ್ತಮ ಕನ್ನಡ ಚಿತ್ರವೆಂಬ ಪ್ರಶಸ್ತಿಗೆ ನಿಂತಿತು. ಆಗ ಆಯ್ಕೆಯಾದ ‘ಅರ್ಥ್’, ‘ಹೇ ರಾಮ್’ ಎರಡೂ ಪೀರಿಯಡ್ ಚಿತ್ರಗಳೇ, ಕಳಪೆಯೂ ಅಲ್ಲ. ಆದರೆ ದೇಶದ ಇತಿಹಾಸವೆಂದರೆ ವಿಭಜನೆ ಮತ್ತು ಗಾಂಧಿ ಹತ್ಯೆ, ಮಲೆನಾಡಿನ ಮನೆತನವೆಂದರೆ ‘ಪ್ರಾದೇಶಿಕ’ ಎಂಬ ತಾರತಮ್ಯ ಆ ಆಯ್ಕೆಗಳಲ್ಲಿ ಕಾಣುತ್ತದೆ.

ಪ್ರಶಸ್ತಿಗಾಗಿ ಯಾರು ಸಿನಿಮಾ ಮಾಡುತ್ತಾರೆ ಎಂಬ ಮಾತು ಕೇಳಲು ಚೆನ್ನ. ಯಾವ ಚಿತ್ರದ ನೆಗೆಟಿವ್ ಉಳಿಯಬೇಕು ಎಂಬುದನ್ನು ಮಾತ್ರ ಬಹುಮಟ್ಟಿಗೆ ಪ್ರಶಸ್ತಿ, ಹೆಸರುಗಳೇ ನಿರ್ಧರಿಸುತ್ತವೆ. ‘ಘಟಶ್ರಾದ್ಧ’ದ (1977) ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಂಟಿಯಾಗಿ ಕೂತಿರುತ್ತಾಳೆ, ಅಪ್ಪನ ಜೊತೆ ಊರು ಬಿಡುವ ಪುಟ್ಟ ನಾಣಿ ಅವಳನ್ನು ನೋಡುತ್ತಾನೆ. ಆ ದೃಶ್ಯ ಮತ್ತೆ ನಿಚ್ಚಳವಾಗಲು ಹೊರಗಿನ ಸಂಸ್ಥೆಗಳ ನೆರವು ಬೇಕಾಯಿತು. ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ತೋರಿಸಲು ಪರದೆಗಳ ಕೊರತೆಯೇನಿಲ್ಲ: ಬೆಂಗಳೂರಿನ ಬ್ಯಾಟರಾಯನಪುರದ ಮಾಲ್‌ನಲ್ಲಿ ಪರದೆಗಳ ಸಾಲೇ ಇದೆ. ಹಳೆಯ ಕನ್ನಡ ಚಿತ್ರಗಳು ಇಂಥ ಕಡೆ ಬರುವುದು ಸಾಮಾನ್ಯವಾಗಿ ತಾರೆಯರ ಹುಟ್ಟುಹಬ್ಬದ ನೆಪದಲ್ಲಿ.

ದೂರನ್ನೆಲ್ಲ ಹೊರಗಿನವರ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾದ ಸಮಿತಿ ಆರಿಸುವುದು ನಿರ್ಮಾಪಕರು ಶುಲ್ಕ ಕಟ್ಟಿ ಕಳಿಸಿದ ಚಿತ್ರಗಳಿಂದ. ಸಣ್ಣ ಬಜೆಟ್ಟಿನ ನಿರ್ಮಾಪಕ ಬಿಡುಗಡೆಯ ಹೊತ್ತಿಗೇ ಸಾಲದಲ್ಲಿರುತ್ತಾನೆ. ಮನೆಯೊಳಗಿನ ಮರ್ಯಾದೆಯೂ ಅಷ್ಟಕ್ಕಷ್ಟೆ: ಗಾಂಧೀಜಿಯ ಬಾಲ್ಯ ಕುರಿತ ಪಿ. ಶೇಷಾದ್ರಿಯವರ ‘ಮೋಹನದಾಸ’ 2019ರ ರಾಜ್ಯ ಪ್ರಶಸ್ತಿಯಲ್ಲಿ ಮೊದಲ ಅತ್ಯುತ್ತಮ ಚಿತ್ರವಾಯಿತು. ಪಟ್ಟಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ಆ ಹೊತ್ತಿಗೆ ಪ್ರಶಸ್ತಿಯ ಹೆಸರಲ್ಲಿ ಒಂದು ಟಿಕೆಟ್ಟೂ ಹೆಚ್ಚಿಗೆ ಮಾರುವಂತಿರಲಿಲ್ಲ.

ರಾಜ್ಯ ಪ್ರಶಸ್ತಿಗಳು ಆಯಾ ವರ್ಷವೇ ಪ್ರಕಟವಾಗಲಿ. ಅಲ್ಲಿ ಮೊದಲ ಸ್ಥಾನ ಪಡೆದ ಚಿತ್ರದ ಆಸ್ಕರ್ ಅರ್ಜಿ, ಶುಲ್ಕ, ಇಂಗ್ಲಿಷ್ ಅಡಿಬರಹದ ಖರ್ಚನ್ನು ಕರ್ನಾಟಕ ಚಲನಚಿತ್ರ ಅಕಾಡೆಮಿ ವಹಿಸಿಕೊಳ್ಳಲಿ.